ಏರ್ಕಾಡಿಗೆ ತಂತಿ ಬೇಡವೆನ್ನುವವರಿಗೆ

ಸೇಲಂನಿಂದ 20 ಹೇರ್‌ಪಿನ್ ತಿರುವು ಹತ್ತಿ ಏರ್ಕಾಡ್ ತಲುಪಿದರೆ, ಕಾಫಿ ತೋಟದ ಬಂಗಲೆಯಲ್ಲಾಗಲಿ ಹೋಂಸ್ಟೇಯಲ್ಲಾಗಲಿ ನೆಟ್‌ವರ್ಕ್ ವಿಷಯ ಎತ್ತಿದೊಡನೆ ಕೇಳಿಬರುವ ಮಾತು ಒಂದೇ: ತಂತಿಯ ಕಾಲ ಮುಗಿಯಿತು, ಎಲ್ಲವನ್ನೂ ವೈಫೈಯಲ್ಲೇ ಮಾಡಿಬಿಡಿ. ಹೀಗೆನ್ನುವವರ ಕಾರಣಗಳು ಪೊಳ್ಳಲ್ಲ, ಆದರೆ ಈ ಬೆಟ್ಟಕ್ಕೆ ಅವು ಹೊಂದುವುದಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್, ಕಟ್ಟಡದೊಳಗೆ ತಾಮ್ರದ ತಂತಿ, ಕೈಯಲ್ಲಿರುವ ಫೋನಿಗೆ ಮಾತ್ರ ವೈಫೈ ಎಂಬುದು ನನ್ನ ವಾದ.

ಹೊಸ ವೈಫೈ ತಂತಿಯನ್ನೂ ಮೀರಿಸುವಷ್ಟು ವೇಗ ಎನ್ನುತ್ತಾರೆ. ವೈಫೈ 6 ರೂಟರಿನ ಡಬ್ಬಿಯ ಮೇಲೆ 1200 ಎಂಬಿಪಿಎಸ್ ಎಂದು ಬರೆದಿರುತ್ತದೆ, ನಿಜ. ಅದು ಕಾಗದದ ಮೇಲಿನ ಗರಿಷ್ಠ ದರ. ಅದನ್ನೂ ಆ ಚಾನೆಲಿನಲ್ಲಿರುವ ಎಲ್ಲರೂ ಹಂಚಿಕೊಳ್ಳಬೇಕು; ಒಬ್ಬರು ಕಳಿಸುವಾಗ ಉಳಿದವರು ಕಾಯಬೇಕು. ಗಿಗಾಬಿಟ್ ಸ್ವಿಚ್ಚಿನಲ್ಲಿ ಪ್ರತಿ ಪೋರ್ಟಿಗೂ ಹೋಗಲು 1000, ಬರಲು 1000 ಪ್ರತ್ಯೇಕವಾಗಿ ಸಿಗುತ್ತದೆ. ಮೇ ತಿಂಗಳ ಬೇಸಿಗೆ ಹಬ್ಬದಲ್ಲಿ, ಅಣ್ಣಾ ಪಾರ್ಕಿನ ಹೂವಿನ ಪ್ರದರ್ಶನಕ್ಕೆ ಜನ ಹರಿದು ಬಂದಾಗ ಕೆರೆಯ ಸುತ್ತಲಿನ ಲಾಡ್ಜುಗಳನ್ನು ನೋಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು ಮೂರೇ, 1, 6 ಮತ್ತು 11. ಅಕ್ಕಪಕ್ಕದ ರೂಟರುಗಳೆಲ್ಲ ಅಲ್ಲೇ ನುಗ್ಗುತ್ತವೆ. 5 ಗಿಗಾಹರ್ಟ್ಸ್‌ಗೆ ಹೋಗೋಣವೆಂದರೆ ಹಳೆಯ ಬಂಗಲೆಯ ದಪ್ಪ ಕಲ್ಲುಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೊರಗಿರುತ್ತದೆ. ರಿಪೀಟರ್ ಇಡುತ್ತಾರೆ. ಒಂದೇ ರೇಡಿಯೋದ ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳಬೇಕಾದ್ದರಿಂದ ವೇಗ ಅಲ್ಲಿಗೆ ಅರ್ಧವಾಗುತ್ತದೆ.

ಇನ್ನು ಮಂಜಿನ ಮಾತು. ಕಟ್ಟಡದಿಂದ ಕಟ್ಟಡಕ್ಕೆ ಡಿಶ್ ಕೂರಿಸಿ ಹಾಕುವ ವೈರ್‌ಲೆಸ್ ಲಿಂಕ್ ಮಂಜು ಕವಿದಾಗ ಮಾತ್ರ ಕೈಕೊಡುತ್ತದೆ, ಆ ಕೆಲವು ದಿನ ತಡೆದುಕೊಂಡರಾಯಿತು ಎನ್ನುತ್ತಾರೆ. ಮಂಜಿನ ಮೇಲೆ ಹೊರಿಸಿದ ಈ ಅಪವಾದ ಸುಳ್ಳು. 5 ಗಿಗಾಹರ್ಟ್ಸ್ ಅಲೆಗೆ ಮಂಜು ಲೆಕ್ಕಕ್ಕಿಲ್ಲ, ಮಳೆಹನಿಯೂ ಅಷ್ಟಾಗಿ ತಡೆಯಲ್ಲ. ತಡೆಯುವುದು ಎಲೆ, ಅದರಲ್ಲೂ ನೆನೆದ ಎಲೆ. 1820ರ ದಶಕದಲ್ಲಿ ಸೇಲಂ ಕಲೆಕ್ಟರ್ ಕಾಕ್‌ಬರ್ನ್ ಶೆವರಾಯ್ ಬೆಟ್ಟಕ್ಕೆ ಕಾಫಿ ತಂದಂದಿನಿಂದ ಇಲ್ಲಿ ತೋಟವೆಂದರೆ ನೆರಳಿನ ಮರ. ಇವತ್ತು ಸಾಲುಸಾಲು ಸಿಲ್ವರ್ ಓಕ್, ಅದರ ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ನೆರಳಿನ ಮರದ ಕೊಂಬೆ ಸವರಿದಾಗ ತೋಟ ಬಯಲಾಗಿ, ಬಂಗಲೆಯ ತಾರಸಿಯಿಂದ ಪಲ್ಪಿಂಗ್ ಶೆಡ್ಡಿನ ಚಾವಣಿ ನೇರ ಕಾಣುತ್ತದೆ. ಆಗ ಡಿಶ್ ಕೂರಿಸಿದರೆ ಸಿಗ್ನಲ್ ಅದ್ಭುತ. ಐದಾರು ತಿಂಗಳು ಕಳೆದು ಹಿಂಗಾರು ಹಿಡಿಯುವ ಹೊತ್ತಿಗೆ ಕೊಂಬೆ ಚಿಗುರಿ ತುಂಬಿಕೊಂಡಿರುತ್ತದೆ, ಎಲೆಯ ಮೇಲೆ ನೀರು ನಿಂತಿರುತ್ತದೆ, ಲಿಂಕ್ ಬಿದ್ದುಹೋಗುತ್ತದೆ. ಕಣ್ಣಿಗೆ ಆಚೆಯ ಕಂಬ ಕಂಡರೂ ಸಾಲದು. 5.8 ಗಿಗಾಹರ್ಟ್ಸ್‌ನಲ್ಲಿ ಒಂದು ಕಿಲೋಮೀಟರ್ ದೂರಕ್ಕೆ, ನಡುದಾರಿಯಲ್ಲಿ ಎರಡು ಡಿಶ್‌ಗಳನ್ನು ಸೇರಿಸುವ ನೇರ ಗೆರೆಯ ಸುತ್ತ ಸುಮಾರು ಮೂರೂವರೆ ಮೀಟರ್ ಬಹುಪಾಲು ತೆರವಾಗಿರಬೇಕು. ನೆರಳನ್ನೇ ನಂಬಿದ ಬೆಳೆಯ ನಡುವೆ ಇದನ್ನು ವರ್ಷವಿಡೀ ಕಾಯುವವರು ಯಾರು?

ಕಣಿವೆಯಾಚೆಯ ಗುಡ್ಡದಿಂದ ಈಚೆಯ ಗುಡ್ಡಕ್ಕೆ, ಮರಗಳ ತಲೆಯ ಮೇಲೆ ಹಾದುಹೋಗುವ ಲಿಂಕಿಗೆ ನನ್ನ ತಕರಾರಿಲ್ಲ. ಅಲ್ಲಿ ಅಗೆಯಲು ನೆಲವೇ ಇಲ್ಲ, ವೈರ್‌ಲೆಸ್ಸೇ ಸರಿ.

ಅವರ ಗಟ್ಟಿ ವಾದ ಸಿಡಿಲಿನದು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಬಂಗಲೆಯಿಂದ ಗೋದಾಮಿಗೆ ತಾಮ್ರದ ಲ್ಯಾನ್ ಕೇಬಲ್ ಎಳೆದರೆ, ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ ಎರಡೂ ಕಡೆಯ ಸ್ವಿಚ್ಚು ಸುಡಬಹುದು. 100 ಮೀಟರ್ ದಾಟಿದರೆ ಆ ಕೇಬಲ್ ಕೆಲಸಕ್ಕೂ ಬಾರದು. ಆದರೆ ಇದು ತಾಮ್ರದ ದೋಷ, ತಂತಿಯದ್ದಲ್ಲ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಕಿಲೋಮೀಟರುಗಟ್ಟಲೆ ಹೋಗುತ್ತದೆ. ಒಳಗೆ ಉಕ್ಕಿನ ಕವಚವಿಲ್ಲದ್ದನ್ನು ಕೇಳಿ ತರಬೇಕು, ಇಲ್ಲವಾದರೆ ಕವಚಕ್ಕೆ ಸರಿಯಾಗಿ ಅರ್ಥಿಂಗ್ ಕೊಡಿಸಬೇಕು. ಇಷ್ಟಕ್ಕೂ ವೈರ್‌ಲೆಸ್ ಡಿಶ್ ಎಲ್ಲಿ ಕೂತಿದೆ? ಊರಿಗೆಲ್ಲ ಎತ್ತರದ ಕಬ್ಬಿಣದ ಕಂಬದ ತುದಿಯಲ್ಲಿ. ಅಲ್ಲಿಂದ ಮನೆಯೊಳಕ್ಕೆ ಇಳಿದು ಬರುವುದು ಅದೇ ತಾಮ್ರದ ಕೇಬಲ್. ಸಿಡಿಲಿಗೆ ಹೆದರುವವರು ಮೊದಲು ನೋಡಬೇಕಾದದ್ದು ಆ ಕಂಬವನ್ನು.

ಕಾಟಿ ತುಳಿಯುತ್ತದೆ, ಮಂಗ ಕೀಳುತ್ತದೆ ಎಂಬ ಭಯಕ್ಕೆ ಉತ್ತರ ಚಿಕ್ಕದು: ಮರದಿಂದ ಮರಕ್ಕೆ ನೇತುಹಾಕಬೇಡಿ, ಹೂಳಿ.

ಹೂಳುವ ಖರ್ಚಿಗೆ ಬೆಚ್ಚುವವರೂ ಇದ್ದಾರೆ. ಈ ಬೆಟ್ಟದ ಕಲ್ಲುನೆಲ ಅಗೆಯುವುದು ದುಬಾರಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಫೈಬರ್ ದಾರಿಯ ನಡುವೆ ಎಲ್ಲೂ ಕರೆಂಟ್ ಕೇಳುವುದಿಲ್ಲ. ರಿಪೀಟರ್ ಇಟ್ಟ ಪ್ರತಿ ಕಂಬಕ್ಕೂ ಕರೆಂಟ್ ಬೇಕು, ಬ್ಯಾಟರಿ ಬೇಕು, ಮಳೆಯಲ್ಲಿ ಹತ್ತಿ ನೋಡುವ ಆಳು ಬೇಕು. ಸ್ಪ್ರಿಂಕ್ಲರ್ ಪೈಪಿಗೋ ಕುಡಿಯುವ ನೀರಿಗೋ ತೋಟದಲ್ಲಿ ಕಾಲುವೆ ತೋಡಿಸುವ ಕೆಲಸ ಬಂದೇ ಬರುತ್ತದೆ. ಮುಚ್ಚುವ ಮೊದಲು ಅದೇ ಕಾಲುವೆಯಲ್ಲಿ ಒಂದು ಖಾಲಿ ಎಚ್‌ಡಿಪಿಇ ಪೈಪ್ ಮಲಗಿಸಿ, ಒಳಗೆ ನೈಲಾನ್ ಹಗ್ಗ ಬಿಟ್ಟು, ಎರಡೂ ತುದಿಗೆ ಮುಚ್ಚಳ ಹಾಕಿಸಿ. ಫೈಬರನ್ನು ಕೈಯಲ್ಲಿ ದುಡ್ಡಿದ್ದಾಗ ಎಳೆಸಿಕೊಳ್ಳಬಹುದು.