ನೆರೆಯವನ ದಾನ

ಕಳೆದ ತಿಂಗಳು ಅಡುಗೆಮನೆಯಲ್ಲಿ ಕಾದ ಎಣ್ಣೆ ಮೈಮೇಲೆ ಚೆಲ್ಲಿ ನಮ್ಮ ಸದಸ್ಯ ಬಂಧುವೊಬ್ಬರು ಆಸ್ಪತ್ರೆ ಸೇರಬೇಕಾಯಿತು. ಅವರು ರಾಯಚೂರಿನ ಕಡೆಯವರು. ಮುಂಬಯಿಗೆ ಬಂದು ಮೂರು ವರ್ಷವೂ ತುಂಬಿರಲಿಲ್ಲ. ನೆರವು ಕೇಳಲೆಂದು ನಾವು ನಗರದ ಒಂದು ಸಮಾಜ ಸಂಸ್ಥೆಯ ಕಚೇರಿಗೆ ಹೋದೆವು. ಅಲ್ಲಿ ಮೊದಲು ಕೇಳಿದ್ದು ಗಾಯ ಎಷ್ಟಾಗಿದೆ ಎಂದಲ್ಲ, ಹುಡುಗ ನಮ್ಮವನೋ ಎಂದು. ಅಲ್ಲವೆಂದು ತಿಳಿದ ಮೇಲೆ ಚಹಾ ಕುಡಿಸಿ, ಮರ್ಯಾದೆಯಿಂದಲೇ ಕಳುಹಿಸಿಕೊಟ್ಟರು.

ಅದೇ ರಾತ್ರಿ ಹೋಟೆಲಿನ ಬಾಗಿಲು ಎಳೆದ ಮೇಲೆ ಜತೆಯ ಕೆಲಸಗಾರರು ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟರು. ಭಟ್ಟರು ಹಾಕಿದರು. ವೇಟರುಗಳು ಆ ದಿನದ ಟಿಪ್ಸ್ ಹಾಕಿದರು. ಪಾತ್ರೆ ತೊಳೆಯುವ ನೇಪಾಳಿ ಹುಡುಗನೂ ಹಾಕಿದ. ಅದನ್ನು ಕಂಡ ಮಾಲಕರು ಮರುದಿನ ಗಲ್ಲಾದಿಂದ ತಮ್ಮ ಪಾಲನ್ನೂ ಸೇರಿಸಿದರು. ಔಷಧಿಯ ಖರ್ಚು ಸಾಗಿತು. ಊರಿನಲ್ಲಿರುವ ತಾಯಿಗೆ ಆ ತಿಂಗಳ ಹಣವೂ ಹೋಯಿತು. ಇವೆರಡರಲ್ಲಿ ಯಾವುದು ದಾನವೆಂದು ಓದುಗ ಬಂಧುಗಳೇ ಹೇಳಲಿ.

ಸಮಾಜ ಸಂಸ್ಥೆಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವುಗಳ ಉಪಕಾರವನ್ನು ಮರೆತರೆ ನಾವು ಕೃತಘ್ನರಾದೇವು. ಮೊಗವೀರ ವ್ಯವಸ್ಥಾಪಕ ಮಂಡಳಿಯು ಈ ನಗರದಲ್ಲಿ 1902ರಲ್ಲಿ ಹುಟ್ಟಿತು; 1908ರಲ್ಲಿ ಉಚಿತ ರಾತ್ರಿ ಶಾಲೆಯನ್ನು ತೆರೆಯಿತು. ಹಗಲೆಲ್ಲ ದುಡಿದು, ಎಣ್ಣೆ ಜಿಡ್ಡಿನ ಕೈಯನ್ನು ತೊಳೆದು ಪುಸ್ತಕ ಹಿಡಿದ ಹುಡುಗರು ಇಂಥ ರಾತ್ರಿ ಶಾಲೆಗಳಿಂದಲೇ ಗುಮಾಸ್ತರಾದರು, ವಕೀಲರಾದರು, ಹೋಟೆಲುಗಳ ಮಾಲಕರೂ ಆದರು. ಈ ಸಾಲುಗಳನ್ನು ಬರೆಯುವವನು ಏಳನೆಯ ತರಗತಿಗೆ ಶಾಲೆ ಬಿಟ್ಟು ಮೇಜು ಒರೆಸಲು ಬಂದವನು. ಸಂಜೆಯ ಗಿರಾಕಿಗಳ ಹೊತ್ತಿನಲ್ಲಿ ರಾತ್ರಿ ಶಾಲೆಗೆ ಹೋಗಲು ಅವನಿಗೆ ಬಿಡುವು ಸಿಗಲಿಲ್ಲ. ಆ ಶಾಲೆಗಳ ಬೆಲೆ ಎಷ್ಟೆಂಬುದನ್ನು ಹೋದವರಿಗಿಂತಲೂ ಹೋಗಲಾಗದವರೇ ಚೆನ್ನಾಗಿ ಬಲ್ಲರು.

ಇನ್ನು ನಮ್ಮ ಕರಾವಳಿಯ ಕಡೆ ನೋಡೋಣ. 1906ರಲ್ಲಿ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು ಬೇರೆ ಬೇರೆ ಮತದ ಊರ ಹಿರಿಯರನ್ನು ಕೂಡಿಸಿಕೊಂಡು ಒಂದು ಬ್ಯಾಂಕನ್ನು ಕಟ್ಟಿದರು. ಮೊದಲ ದಿನ ಅಲ್ಲಿ ಜಮೆಯಾದದ್ದು 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಹೆಸರಾಗಿ, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ಏಜೆಂಟರು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸಿದರು. ಇದು ದಾನವಲ್ಲ, ಉಳಿತಾಯ. ಆದರೆ ಎರಡಾಣೆಯವನೂ ಲೆಕ್ಕಕ್ಕೆ ಬರುವ ಮನುಷ್ಯನೆಂದು ಗೌರವಿಸಿದ್ದೇ ಅದರ ಗುಟ್ಟು. ತೆನೆ ತೆನೆ ಕೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

2020ರ ಮಾರ್ಚಿನಲ್ಲಿ ಕೊರೋನಾದ ನಿಮಿತ್ತ ದೇಶವೇ ಬಾಗಿಲು ಹಾಕಿಕೊಂಡಾಗ ನಮ್ಮ ಗತಿ ಏನಾಯಿತೆಂಬುದನ್ನು ಯಾರೂ ಮರೆತಿಲ್ಲ. ನಮ್ಮಲ್ಲಿ ಅನೇಕರಿಗೆ ಕೆಲಸವೂ ಹೋಟೆಲು, ಊಟವೂ ಹೋಟೆಲು, ಮಲಗುವುದೂ ಹೋಟೆಲು. ಒಂದು ಮುಚ್ಚಿದರೆ ಮೂರೂ ಮುಚ್ಚಿದಂತೆ. ಆಗ ಮೊದಲು ಕೈ ನೀಡಿದವರು ಯಾರು? ಸಾಲಕ್ಕೆ ಅಕ್ಕಿ ಕೊಟ್ಟ ಗಲ್ಲಿಯ ಕಿರಾಣಿಯವನು, ಎರಡು ಚಪಾತಿ ಹೆಚ್ಚು ತಟ್ಟಿದ ಚಾಳಿನ ಮರಾಠಿ ತಾಯಿ. ಸಂಘ ಸಂಸ್ಥೆಗಳೂ ಅಕ್ಕಿ ಬೇಳೆ ಹಂಚಿದವು, ಅವರಿಗೆ ನಮಸ್ಕಾರ. ಆದರೆ ಕೆಲವೆಡೆ ಐದು ಕಿಲೋ ಅಕ್ಕಿಯ ಚೀಲಕ್ಕಾಗಿ ಫೋಟೋಕ್ಕೆ ಮುಖ ಒಡ್ಡಿ ನಿಲ್ಲಬೇಕಾಯಿತು. ಹಾಗೆ ನಿಂತವನು ಹಸಿವನ್ನು ಮರೆತಾನು, ಆ ಫೋಟೋವನ್ನು ಮರೆಯಲಾರ.

ಆದುದರಿಂದ ಮುಂಬರುವ ಮಹಾಸಭೆಯ ಮುಂದೆ ನಾವು ಒಂದು ಠರಾವನ್ನು ಇಡಲಿದ್ದೇವೆ. ನಮ್ಮ ಸದಸ್ಯರಿರುವ ಪ್ರತಿಯೊಂದು ಹೋಟೆಲಿನಲ್ಲೂ ಒಂದು ನೆರವಿನ ಡಬ್ಬಿ ಇರಲಿ. ಅದಕ್ಕೆ ನಿಯಮಗಳು ಮೂರೇ. ನೆರವು ಬೇಕಾದವನ ಜಾತಿ, ಊರು, ಭಾಷೆ ಕೇಳಕೂಡದು. ಕೊಟ್ಟವನ ಹೆಸರನ್ನೂ ಪಡೆದವನ ಮುಖವನ್ನೂ ಪ್ರಕಟಿಸಕೂಡದು. ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ಲೆಕ್ಕವನ್ನು ಮಾತ್ರ ತಿಂಗಳ ಮೊದಲ ದಿನ ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಬೇಕು. ಲೆಕ್ಕ ಚೊಕ್ಕವಿದ್ದಲ್ಲಿ ನಂಬಿಕೆ ತಾನಾಗಿ ಬರುತ್ತದೆ.

ಕೆಲವು ಮಿತ್ರರು ಕೇಳುತ್ತಾರೆ: "ದಾನ ಧರ್ಮ ಮಾಡುತ್ತ ಕುಳಿತರೆ ಸಂಬಳದ ಹೋರಾಟ ಏನಾಗಬೇಕು?" ಪ್ರಶ್ನೆ ಸರಿಯಾದದ್ದೇ. ಇ.ಎಸ್.ಐ., ಪ್ರಾವಿಡೆಂಟ್ ಫಂಡ್, ವಾರದ ರಜೆ ಇವು ಯಾರ ದಯೆಯೂ ಅಲ್ಲ, ದುಡಿದವನ ಹಕ್ಕು. ಆ ಬಂಧುವಿನ ಹೆಸರು ಇ.ಎಸ್.ಐ. ಪುಸ್ತಕದಲ್ಲಿ ಇದ್ದಿದ್ದರೆ ಅರ್ಧ ಚಿಂತೆ ಅಲ್ಲಿಗೇ ತೀರುತ್ತಿತ್ತು. ಹಕ್ಕನ್ನು ಕೊಡದವರು ದಾನ ಕೊಟ್ಟು ಕೈ ತೊಳೆದುಕೊಳ್ಳಲು ನಾವು ಬಿಡಲಾರೆವು. ಆದರೆ ಸುಟ್ಟ ಗಾಯ ನ್ಯಾಯದ ತೀರ್ಪಿಗಾಗಿ ಕಾಯುವುದಿಲ್ಲ. ಅಲ್ಲದೆ, ಒಂದೇ ಡಬ್ಬಿಗೆ ಕೈ ಹಾಕಿದವರು ನಾಳೆ ಒಂದೇ ಬೇಡಿಕೆಗೂ ಕೈ ಎತ್ತುತ್ತಾರೆ. ಭಟ್ಟರು, ವೇಟರು, ಕ್ಲೀನರು ಎಂಬ ಮೆಟ್ಟಿಲುಗಳು ಆ ರಾತ್ರಿ ಆ ಮೇಜಿನ ಸುತ್ತ ಇರಲಿಲ್ಲ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ನಮ್ಮನ್ನು ಹಿಂದೆ ಕಳುಹಿಸಿದ ಆ ಸಂಸ್ಥೆಯ ಹಿರಿಯರಲ್ಲೂ ನಮ್ಮದೊಂದು ವಿನಂತಿ. ನಿಮ್ಮ ಬಾಗಿಲನ್ನು ಇನ್ನೊಂದು ಗೇಣು ಅಗಲ ಮಾಡಿರಿ. ಈ ನಗರಕ್ಕೆ ಬಂದಿಳಿದ ದಿನ ನಿಮ್ಮ ಅಜ್ಜಂದಿರೂ ಯಾರಿಗೋ ಪರಕೀಯರೇ ಆಗಿದ್ದರು.

ಗಾಯಗೊಂಡ ಬಂಧು ಈಗ ಎದ್ದು ಓಡಾಡುತ್ತಿದ್ದಾರೆ. ಕೆಲಸಕ್ಕೆ ಮರಳಿದ ಮೊದಲ ದಿನವೇ ಅವರೂ ಡಬ್ಬಿಗೆ ಹತ್ತು ರೂಪಾಯಿ ಹಾಕಿದರೆಂದು ತಿಳಿದುಬಂದಿದೆ. ಮಹಾಸಭೆಗೆ ಬರುವ ಸದಸ್ಯರು ಇದಿಷ್ಟನ್ನು ನೆನಪಿನಲ್ಲಿಟ್ಟುಕೊಂಡು ಬರಲಿ.