ಚಿತ್ರ ಯಾರದು?

1972ರ ಜೂನ್ 8ರಂದು ವಿಯೆಟ್ನಾಮಿನಲ್ಲಿ ನೇಪಾಮ್ ಬೆಂಕಿಗೆ ಬೆಂದು ಬತ್ತಲೆ ಓಡಿಬಂದ ಬಾಲಿಕೆಯ ಚಿತ್ರವನ್ನು ಕಾಣದವರು ವಿರಳ. ಅದು ನಿಕ್ ಉಟ್‌ರಿಗೆ 1973ರ ಪುಲಿಟ್ಜರ್ ಪ್ರಶಸ್ತಿಯನ್ನು ತಂದಿತು. ಅಸೋಸಿಯೇಟೆಡ್ ಪ್ರೆಸ್ಸಿನ ಛಾಯಾಗ್ರಾಹಕನಾಗಿದ್ದ ಅಣ್ಣ 1965ರಲ್ಲಿ ರಣಭೂಮಿಯಲ್ಲಿ ಮಡಿದ ಮೇಲೆ ಉಟ್ ಅದೇ ಸಂಸ್ಥೆಯನ್ನು ಸೇರಿದರು. ಹಾರ್ಸ್ಟ್ ಫಾಸರ ಗರಡಿಯಲ್ಲಿ ಪಳಗಿ, ಮುಂದೆ ಅಮೆರಿಕದಲ್ಲಿ ನೆಲೆಸಿದರು.

ಚಿತ್ರ ತೆಗೆದವನು ಬೇರೊಬ್ಬ ಬಿಡಿ ಛಾಯಾಗ್ರಾಹಕ, ಹೆಸರನ್ನು ಬದಲಿಸಿದವರು ಫಾಸರೇ ಎಂದು 2025ರಲ್ಲಿ ಸಾಕ್ಷ್ಯಚಿತ್ರವೊಂದು ಆರೋಪಿಸಿತು. ಉಟ್ ಅಲ್ಲಗಳೆದರು. ಅಸೋಸಿಯೇಟೆಡ್ ಪ್ರೆಸ್ ಅವರ ಹೆಸರನ್ನು ಉಳಿಸಿತು; ವರ್ಲ್ಡ್ ಪ್ರೆಸ್ ಫೋಟೋ ಅಮಾನತಿನಲ್ಲಿಟ್ಟಿತು. ಉತ್ತರಿಸಬೇಕಾದ ಗುರು 2012ರಲ್ಲೇ ತೀರಿಕೊಂಡಿದ್ದರು.

ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯನ್ನು ನಾನು ತರಗತಿಯಲ್ಲಿ ನಿರಾತಂಕವಾಗಿ ನಡೆಸಬಲ್ಲೆ. ಇಲ್ಲಿ ಪಣಕ್ಕಿರುವುದು ನಮ್ಮ ಕಾಲದವರ ಮಾನ. ಸಂಶಯವೇ ಪುರಾವೆಯಲ್ಲ, ನಿಜ. ಆದರೆ ಬಿಡಿಚಿತ್ರ ಮಾರಿದ ಬಡವನ ಹೆಸರೂ ದಾಖಲೆಯಲ್ಲಿ ಉಳಿಯುವಂತಿದ್ದರೆ ಈ ಸಂಶಯಕ್ಕೆ ಎಡೆಯೆಲ್ಲಿತ್ತು?