ಬೆಕ್ಕಿಗೂ ಚುಚ್ಚುಮದ್ದೆ?

"ಏನು ಸ್ವಾಮಿ, ಬುಟ್ಟಿಯೊಳಗೆ ಬೆಕ್ಕನ್ನು ಕೂರಿಸಿಕೊಂಡು ಎಲ್ಲಿಗೆ ಸವಾರಿ?" ಎಂದರು ನೆರೆಮನೆಯ ರಾಯರು. ಚುಚ್ಚುಮದ್ದು ಹಾಕಿಸಲು ಎಂದೆ. ಅವರು ನಕ್ಕ ನಗೆ ಬೀದಿಯ ಆ ತುದಿಗೂ ಕೇಳಿಸಿರಬೇಕು. "ಬೆಕ್ಕಿಗೂ ಚುಚ್ಚುಮದ್ದೆ! ನಮ್ಮ ಅಜ್ಜಿಯ ಕಾಲದಲ್ಲಿ ಅಡಿಗೆಮನೆಯ ತುಂಬ ಬೆಕ್ಕುಗಳಿದ್ದುವು. ಯಾವ ಡಾಕ್ಟರು ಬಂದಿದ್ದ?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ.

ಅಜ್ಜಿಯ ಕಾಲದಲ್ಲಿ ಬೆಕ್ಕುಗಳಿದ್ದುವು, ನಿಜ. ಅಟ್ಟದ ಮೇಲೆ ಹಾಕಿದ ನಾಲ್ಕೈದು ಮರಿಗಳಲ್ಲಿ ಉಳಿದುವೆಷ್ಟು ಎಂದು ಎಣಿಸಿದವರು ಯಾರು? ಒಂದು ಸೊರಗಿತು, ಒಂದು ಕಾಣದಾಯಿತು. ಗಂಡುಬೆಕ್ಕು ತಿಂದಿರಬೇಕೆಂದು ಆ ಬಡಪಾಯಿಯ ತಲೆಗೆ ಕಟ್ಟಿ ಕೈ ತೊಳೆದುಕೊಂಡೆವು. ಬದುಕಿದ ಒಂದನ್ನು ತೋರಿಸಿ ಬೆಕ್ಕಿನ ಜೀವ ಬಲು ಗಟ್ಟಿ ಎಂದೆವು. ಸತ್ತವು ಬಂದು ಸಾಕ್ಷಿ ಹೇಳಲಿಲ್ಲ.

ಅವುಗಳ ಪರವಾಗಿ ನಾನೇ ಹೇಳುತ್ತೇನೆ. ನಮ್ಮ ಮನೆಯ ಮೊದಲನೆಯ ಮರಿಗೆ ಮೂರು ತಿಂಗಳಾಗಿತ್ತು. ಒಂದು ಸಂಜೆ ವಾಂತಿ ಮಾಡಿಕೊಂಡಿತು; ಮೈ ಕೆಂಡ. ಮರುದಿನ ನೀರಿನ ಬಟ್ಟಲ ಮೇಲೆ ತಲೆ ಇಳಿಬಿಟ್ಟು ಕೂತಿತು. ದಾಹ, ಆದರೆ ಕುಡಿಯಲಾರದು. ಗಂಟೆಗಟ್ಟಲೆ ಹಾಗೆಯೇ ಕೂತದ್ದನ್ನು ನಾನು ನೋಡಿದೆ. ಏನೋ ತಿಂದಿರಬೇಕು, ನಾಳೆ ಸರಿಹೋದೀತು ಎಂದುಕೊಂಡೆ. ನಾಳೆ ಬರುವಷ್ಟರಲ್ಲಿ ಅದು ಹೋಗಿತ್ತು.

ಪ್ಯಾನ್‌ಲ್ಯೂಕೊಪೀನಿಯಾ ಎಂದರು ಪಶುವೈದ್ಯರು. ಹೆಸರು ಉದ್ದ, ಕೆಲಸ ಚುರುಕು. ಈ ವೈರಸ್ ಕರುಳನ್ನೂ ಎಲುಬಿನ ಮಜ್ಜೆಯನ್ನೂ ಹಿಡಿಯುತ್ತದೆ. ರಕ್ತದ ಬಿಳಿಕಣಗಳು ಕುಸಿಯುತ್ತವೆ. ಲಸಿಕೆಯಿಲ್ಲದ ಮರಿಗಳಲ್ಲಿ ಬಹುಪಾಲು ಉಳಿಯುವುದಿಲ್ಲ. ಅದನ್ನು ಕೊಲ್ಲುವ ಔಷಧವಿಲ್ಲ. ತಡೆಯುವ ಲಸಿಕೆ ಮಾತ್ರ ಇದೆ.

ಇಷ್ಟಕ್ಕೇ ನನಗೆ ಬುದ್ಧಿ ಬಂತೆನ್ನಬೇಡಿ. ನೆಲವನ್ನು ಕಪ್ಪು ಫಿನಾಯಿಲಿನಿಂದ ತೊಳೆಸಿ, ಎರಡು ತಿಂಗಳು ಬಿಟ್ಟು ಇನ್ನೊಂದು ಮರಿಯನ್ನು ತಂದೆ. ಎಂಟನೆಯ ದಿನ ಅದೂ ಬಟ್ಟಲ ಮುಂದೆ ಕೂತಿತು. ಈ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಬದುಕಬಲ್ಲುದೆಂದು, ಫಿನಾಯಿಲಿಗೆ ಅದು ಜಗ್ಗದೆಂದು, ಬೆಕ್ಕಿಗಾದರೋ ಫಿನಾಯಿಲೇ ವಿಷವೆಂದು, ಬಳಸಬೇಕಾದದ್ದು ಬ್ಲೀಚೆಂದು ಆಮೇಲೆ ತಿಳಿಯಿತು. ಎರಡನೆಯ ಸಾವಿನ ಹೊಣೆಯನ್ನು ಯಾವ ಗಂಡುಬೆಕ್ಕಿನ ತಲೆಗೂ ಕಟ್ಟಲಾರೆ.

"ನಮ್ಮದು ಹೊಸ್ತಿಲು ದಾಟದ ಬೆಕ್ಕು" ಎನ್ನುವವರುಂಟು. ಬೆಕ್ಕು ದಾಟದಿರಬಹುದು, ನೀವು ದಾಟುತ್ತೀರಲ್ಲ! ನಿಮ್ಮ ಚಪ್ಪಲಿಯ ಅಡಿಗೆ ಅಂಟಿಕೊಂಡು ಅದು ಒಳಗೆ ಬರುತ್ತದೆ.

ಮಾಡಬೇಕಾದದ್ದು ಏನು ಮಹಾ? ಆರರಿಂದ ಎಂಟು ವಾರದ ಮರಿಗೆ ಮೊದಲ ಲಸಿಕೆ. ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ. ಒಂದೇ ಸಾಲದೆ ಎಂದು ರಾಯರು ಕೇಳಿಯಾರು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಇರುವವರೆಗೆ ಲಸಿಕೆ ಹತ್ತುವುದಿಲ್ಲ. ಅದು ಯಾವ ವಾರ ಕರಗುವುದೋ ಹೇಳಬರುವುದಿಲ್ಲ. ಆ ಸೂಜಿಯಲ್ಲಿಯೇ ಬೆಕ್ಕಿನ ಕೆಟ್ಟ ನೆಗಡಿ ತರುವ ಎರಡು ವೈರಸ್‌ಗಳಿಗೂ ಮದ್ದಿದೆ. ರೇಬಿಸ್ಸಿನದು ಬೇರೆ. ಸೂಜಿ ಚುಚ್ಚಿದ ಜಾಗದಲ್ಲಿ ಬಲು ಅಪರೂಪವಾಗಿ ಗಡ್ಡೆ ಬೆಳೆಯುವುದುಂಟು, ಮುಚ್ಚಿಡಲಾರೆ. ಬಟ್ಟಲ ಮುಂದೆ ಕೂತ ಮರಿ ಅಷ್ಟು ಅಪರೂಪವಲ್ಲ.

ನಾವು ಲಸಿಕೆಯನ್ನು ಅರಿಯದ ಜನವೂ ಅಲ್ಲ. ಹಸುಗಳ ದೊಡ್ಡರೋಗಕ್ಕಾಗಿ ಮೈಸೂರು ಸಂಸ್ಥಾನವು 1925ರಲ್ಲಿಯೇ ಹೆಬ್ಬಾಳದಲ್ಲಿ ಸೀರಮ್ ಸಂಸ್ಥೆ ತೆರೆಯಿತು. ಲಸಿಕೆಯ ಬಲದಿಂದಲೇ ಆ ರೋಗ ಭೂಮಿಯಿಂದ ಅಳಿಯಿತೆಂದು 2011ರಲ್ಲಿ ಸಾರಲಾಯಿತು. ಹಸು ಹಾಲು ಕೊಡುತ್ತದೆ, ಸೂಜಿ ಸರಿ. ನಾಯಿ ಕಚ್ಚುತ್ತದೆ, ಸೂಜಿ ಸರಿ. ಬೆಕ್ಕು ಹಾಲು ಕೊಡುವುದಿಲ್ಲ, ಕುಡಿಯುತ್ತದೆ. ನಮ್ಮ ಕರುಣೆಯ ಲೆಕ್ಕಾಚಾರವೆಲ್ಲ ಇಷ್ಟೇ. ಅದರಲ್ಲಿಯೂ ತಪ್ಪಿದೆ: ರೇಬಿಸ್ ತಗುಲಿದ ಬೆಕ್ಕು ಕಚ್ಚಿದರೆ ಮನುಷ್ಯನ ಗತಿ ನಾಯಿ ಕಚ್ಚಿದವನದೇ.

ಬೆಕ್ಕನ್ನು ಕೊಂದವನು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂದು ರಾಯರ ಅಜ್ಜಿಯೂ ನನ್ನ ಅಜ್ಜಿಯೂ ನಂಬಿದ್ದರು. ಸಂಸಾರಸಮೇತ ಸಿನಿಮಾಕ್ಕೆ ಹೋಗಿಬರುವಷ್ಟು ಖರ್ಚಿಗೆ ಹಿಂಜರಿದು ಸಾಯಬಿಟ್ಟವನಿಗೆ ಎಷ್ಟು ತೊಲದ್ದು ಎಂದು ಅವರು ಹೇಳಿರಲಿಲ್ಲ. ನನ್ನ ಲೆಕ್ಕದಲ್ಲಿ ಎರಡು ಬಾಕಿ.

ಈಗಿರುವುದು ಮೂರನೆಯದು, ಮೊದಲ ಸೂಜಿ ಹಾಕಿಸಿಕೊಂಡೇ ಮನೆಗೆ ಬಂದದ್ದು. ರಾಯರು ಕಂಡದ್ದು ಎರಡನೆಯದರ ಸವಾರಿ. ಮೂರನೆಯದು ಬರುವ ಶನಿವಾರ ಹತ್ತು ಗಂಟೆಗೆ. ಬೆಕ್ಕು ಅಡ್ಡ ಬಂದರೆ ಹೋದ ಕೆಲಸ ಕೆಡುತ್ತದೆನ್ನುವ ರಾಯರು, ಬೆಕ್ಕು ತನ್ನ ಕೆಲಸಕ್ಕೆ ಹೊರಟಾಗ ತಾವು ಅಡ್ಡ ಬರಬಾರದೆಂದು ಕೋರುತ್ತೇನೆ.